ಉಡಿಗೆ ಬಿದ್ದದ್ದು ಬಾಡಿಗೆಯೇ?

ಚಿಂತೆ ಮಾಡಲು ಒಂದು ಕಾರಣ ಬೇಕು ಎನ್ನುವವರನ್ನು ಕಂಡರೆ ನನಗೆ ಅಯ್ಯೋ ಪಾಪ ಎನಿಸುತ್ತದೆ. ನಾನು ಕಾರಣಕ್ಕಾಗಿ ಕಾಯುತ್ತ ಕೂಡುವವಳಲ್ಲ. ಹಾಲು ಒಲೆಯ ಮೇಲಿದ್ದರೆ ಉಕ್ಕೀತೆಂಬ ಚಿಂತೆ, ಇಳಿಸಿದರೆ ಒಡೆದೀತೆಂಬ ಚಿಂತೆ, ಹೆಪ್ಪು ಹಾಕಿದ ಮೇಲೆ ಬೆಕ್ಕಿನ ಚಿಂತೆ. ಹೀಗಿರುವಾಗ ನಮ್ಮ ಮನೆಯವರು ಹಳೆಯ ಮೋಟಾರು ಕಾರೊಂದನ್ನು ಕೊಂಡು ತಂದು, ಅದಕ್ಕೂ ಮನೆಗೂ ಒಟ್ಟಿಗೇ ವಿಮೆ ಇಳಿಸಿ, “ಇನ್ನ ನೀ ಚಿಂತಿ ಮಾಡೂದು ಬಿಡು, ಎಲ್ಲಾನೂ ಕಂಪನಿ ನೋಡ್ಕೋತೈತಿ” ಎಂದಾಗ ನನ್ನ ಕಸುಬನ್ನೇ ಯಾರೋ ಕಸಿದುಕೊಂಡಂತಾಯಿತು. ಆದರೆ ವಿಮೆಯ ಕಾಗದ ಮನೆಗೆ ಬಂದ ಮೇಲೆ ಗೊತ್ತಾಯಿತು, ಅದು ನನ್ನ ಕಸುಬಿಗೆ ಹೊಸ ಬಂಡವಾಳ ಎಂದು.

ಕಾಗದ ತಂದವರು ಗುರುಪಾದಪ್ಪನವರು. ನಮ್ಮ ಮನೆಯವರ ಸಾಲೆಯ ಗೆಳೆಯರು, ಈಗ ವಿಮಾ ಕಂಪನಿಯ ಏಜೆಂಟರು. ಕಾಗದದ ತುಂಬ ಇಂಗ್ಲಿಷು, ಸಾಸಿವೆ ಚೆಲ್ಲಿದಂಥ ಸಣ್ಣ ಅಕ್ಷರ. ನಾನು ಚಹಾ ಕೊಟ್ಟು, ಇದರಲ್ಲಿ ಏನೇನಿದೆ ಎಂದು ಕೇಳಿದೆ.

“ಕಾಯ್ದೇದ ವಿಮಾ ಅಂದ್ರ ನಿಮ್ಮ ಮೋಟಾರ ಮಂದಿಗೆ ಬಡದ್ರ ಮಂದಿಗಷ್ಟ ಪರಿಹಾರ. ಇದು ಫುಲ್ ವಿಮಾರೀ ವೈನಿ. ಮಂದಿಗೂ ಐತಿ, ನಿಮ್ಮ ಮೋಟಾರಿಗೂ ಐತಿ. ಕಳುವಾದ್ರ ಐತಿ, ಬೆಂಕಿ ಹತ್ತಿದ್ರ ಐತಿ. ಮನೀಗೆ ಸಿಡಿಲು ಬಡೀಲಿ, ಕಳ್ಳರು ಬರ್ಲಿ, ಎಲ್ಲಾ ಐತಿ.”

“ಮ್ಯಾಳಗಿ ಸೋರಿದ್ರ?”

ಗುರುಪಾದಪ್ಪನವರು ಚಹಾದ ಬಸಿ ಕೆಳಗಿಟ್ಟರು. “ಅದು ಹಳೇತನಾರೀ. ಅಪಘಾತ ಅಲ್ಲ.”

“ಗೆದ್ದಲ ಹತ್ತಿದ್ರ?”

“ಅವು ಸಾವಕಾಶ ತಿಂತಾವು. ವಿಮಾ ಏನಿದ್ರೂ ಒಮ್ಮಿಗಲೇ ಆದದ್ದಕ್ಕ.”

“ಹಗೇವಿನ್ಯಾಗ ಜ್ವಾಳ ಕೆಟ್ರ?” ನಮ್ಮ ಅಂಗಳದ ಕೆಳಗೆ ಅತ್ತೆಯವರ ಕಾಲದ ಹಗೇವು ಇದೆ, ವರ್ಷದ ಜೋಳವೆಲ್ಲ ಆ ನೆಲದೊಳಗಿನ ಗುಂಡಿಯಲ್ಲೇ. ಅದು ಮನೆಯ ಲೆಕ್ಕಕ್ಕೆ ಬರುತ್ತದೋ ಭೂಮಿಯ ಲೆಕ್ಕಕ್ಕೋ, ಕೇಳಿ ಹೇಳುತ್ತೇನೆಂದು ಅವರು ಎದ್ದು ಹೋದರು. ಇನ್ನೂ ಹೇಳಿಲ್ಲ.

ಎಲ್ಲಾ ಐತಿ ಎಂಬುದರಲ್ಲಿ ಏನೇನು ಇಲ್ಲ ಎಂದು ಎಣಿಸುತ್ತ ನಾನು ಎಷ್ಟು ರೊಟ್ಟಿ ಸೀಯಿಸಿದೆನೋ. ಅದರ ಮೇಲೆ ಅದು ಏಕೀಕರಣದ ವರ್ಷ. ನವೆಂಬರ ಒಂದನೆಯ ತಾರೀಖಿಗೆ ನಾವೆಲ್ಲ ಮುಂಬಯಿ ರಾಜ್ಯ ಬಿಟ್ಟು ಮೈಸೂರಿನವರೊಂದಿಗೆ ಒಂದಾಗುತ್ತೇವೆಂದು ಪೇಟೆಯಲ್ಲಿ ಪೇಢೆ ಹಂಚುವ ಮಾತು ನಡೆದಿತ್ತು. ನನಗೂ ಸಂತೋಷವೇ. ಆದರೆ ಕಾಗದದಲ್ಲಿ ನಮ್ಮ ಮನೆ ಇರುವುದು ಮುಂಬಯಿ ರಾಜ್ಯದಲ್ಲಿ ಎಂದು ಬರೆದಿತ್ತಲ್ಲ! “ಮನಿ ಬ್ಯಾರೆ ರಾಜ್ಯಕ್ಕ ಹೋತು, ನಮಗ ಸಂಬಂಧಿಲ್ಲ ಅಂದ್ರ?” ಎಂದು ಕೇಳಿದೆ.

ನಮ್ಮ ಮನೆಯವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. “ಮನಿ ಎಲ್ಲಿಗೂ ಹೋಗೂದಿಲ್ಲಲೇ. ರಾಜ್ಯನ ಮನೀಗೆ ಬರತೈತಿ.”

ಇಷ್ಟರಲ್ಲಿ ಎದುರು ಮನೆಯ ನೀಲಮ್ಮ ಬಂದಳು. ಅವಳ ಮಗಳು ಶಾಂತಾಳನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದೆ. ಚೊಚ್ಚಲ ಬಸಿರು, ಬಾಣಂತನಕ್ಕೆ ಕರೆತರಬೇಕು, ಬಸ್ಸಿನಲ್ಲಿ ಆ ರಸ್ತೆಯ ಕುಲುಕಾಟ ಬೇಡ, ನಿಮ್ಮ ಮೋಟಾರು ಕೊಡಿ ಎಂದಳು. ಇಂಥದಕ್ಕೆ ಇಲ್ಲ ಎನ್ನುವುದುಂಟೇ? ನಾನೂ ನೀಲಮ್ಮನೂ ಹಿಂದಿನ ಸೀಟಿನಲ್ಲಿ ಕೂತು ಹೋದೆವು. ಬೀಗರು ಕಾಳಿನ ವ್ಯಾಪಾರದವರು, ಕೈ ದೊಡ್ಡದು. ಶಾಂತಾಳ ಅತ್ತೆ ಮಣೆ ಹಾಕಿ ಕೂಡಿಸಿ ನನ್ನ ಉಡಿಗೆ ತೆಂಗಿನಕಾಯಿ, ಅಕ್ಕಿ, ಅಡಿಕೆ, ಮೇಲೆ ಹಸಿರು ದಡಿಯ ಒಂದು ಕುಪ್ಪಸದ ಖಣ ಹಾಕಿದರು. ಅಷ್ಟಕ್ಕೆ ಬಿಡದೆ ಹೊಸ ಹೆಸರುಕಾಳಿನ ಚೀಲವೊಂದನ್ನು ಮೋಟಾರಿನಲ್ಲಿ ಇಡಿಸಿ, “ಮೋಟಾರ ತಂದೀರಿ, ಹಂಗ ಬರಿಗೈಲೆ ಕಳಸಾಕ ಆಗತೈತೇನ್ರಿ” ಎಂದರು.

ಬರುವಾಗ ನಮ್ಮ ಮನೆಯವರು ಮೋಟಾರನ್ನು ಎತ್ತು ನಾಚುವಷ್ಟು ನಿಧಾನ ನಡೆಸಿದರು. ಮಲ್ಲಸಮುದ್ರದ ಹತ್ತಿರ ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ ನಕ್ಕು ಹೋದ. ಶಾಂತಾಳನ್ನು ಅವಳ ತವರಿನ ಬಾಗಿಲಲ್ಲಿ ಇಳಿಸಿದೆವು. ನೀಲಮ್ಮ ನಿವಾಳಿಸಿ ಒಳಗೆ ಕರೆದುಕೊಂಡಳು. ಹೊತ್ತ ಭಾರ ಇಳಿಯಿತೆಂಬ ಸಂತೋಷದಲ್ಲಿ ನಮ್ಮವರು ಮೋಟಾರನ್ನು ನಮ್ಮ ಬಾಗಿಲ ಕಡೆಗೆ ಜೋರಾಗಿ ಹೊಳ್ಳಿಸಿದರು. ಅದು ನೇರ ಹೋಗಿ ನಮ್ಮದೇ ಕಟ್ಟೆಗೆ ಗುದ್ದಿತು. ಮೋಟಾರಿನ ಒಂದು ದೀಪ ಒಡೆದು, ಮೂತಿ ಒಳಗೆ ಹೋಯಿತು. ಕಟ್ಟೆಯ ಕಲ್ಲು ಎರಡು ಕಿತ್ತು ಬಂದವು. ನಮ್ಮ ಮೋಟಾರು ನಮ್ಮ ಮನೆಗೇ ಹಾಯ್ದರೆ ಏನು ಎಂದು ಗುರುಪಾದಪ್ಪನವರನ್ನು ಕೇಳುವುದೊಂದನ್ನೇ ನಾನು ಮರೆತಿದ್ದೆ.

ಮರುದಿನ ಅವರು ಬಂದು ಕಾಗದ ಬಿಡಿಸಿದರು. “ಮೋಟಾರಿಗೆ ಸಿಗತೈತಿ. ಕಟ್ಟೀಗೆ ಇಲ್ಲ. ಮೋಟಾರ ವಿಮಾ ಮಂದಿ ಕಟ್ಟೀಗೆ ಕೊಡತೈತಿ, ಸ್ವಂತದ್ದಕ್ಕ ಇಲ್ಲ. ಮನಿ ವಿಮಾ ಮಂದಿ ಮೋಟಾರ ಬಂದು ಬಡದ್ರ ಕೊಡತೈತಿ, ಸ್ವಂತದ್ದಕ್ಕ ಇಲ್ಲ.”

“ಅಂದ್ರ ನೀಲಮ್ಮನ ಕಟ್ಟೀಗೆ ಬಡೀಬೇಕಿತ್ತು,” ಎಂದರು ನಮ್ಮವರು.

ನಾನು ನಗುವಷ್ಟರಲ್ಲಿ ಗುರುಪಾದಪ್ಪನವರು ಇನ್ನೊಂದು ಸಾಲು ಓದಿದರು. “ಹುಬ್ಬಳ್ಳಿಯಿಂದ ಕಂಪನಿ ಸಾಹೇಬರು ನೋಡಾಕ ಬರ್ತಾರ. ಬಾಡಿಗೀಗೆ ಹೊಡೆದಿಲ್ಲಲ್ಲ? ಏನರ ತಗೊಂಡು ಮಂದೀನ ಕರಕೊಂಡು ಬಂದಿದ್ರ ಒಂದು ಪೈನೂ ಸಿಗೂದಿಲ್ಲ ಮತ್ತ.”

ಒಲೆಯ ಮೇಲೆ ಹೆಸರುಕಾಳು ಕುದಿಯುತ್ತಿತ್ತು.

ಏನರ ತಗೊಂಡು! ಚೀಲ ತಗೊಂಡಿದ್ದೇನೆ. ಮೋಟಾರ ತಂದೀರಿ ಎಂದೇ ಬಾಯಿಬಿಟ್ಟು ಹೇಳಿ ಕೊಟ್ಟಿದ್ದಾರೆ. ಸಾಲದ್ದಕ್ಕೆ ನನಗೊಂದು ಚಟ: ತುಪ್ಪ ಕಾಸಿದ್ದು, ಎಮ್ಮೆ ಬತ್ತಿದ್ದು, ಯಾರು ಬಂದರು ಯಾರು ಹೋದರು ಎಂದು ಗೋಡೆಯ ಕ್ಯಾಲೆಂಡರಿನ ಮನೆಗಳಲ್ಲಿ ಗೀಚಿಡುವುದು. ಆ ದಿನದ ಮನೆಯಲ್ಲಿ ನನ್ನದೇ ಕೈಬರಹ ಇತ್ತು: ‘ಮೋಟಾರಿನ ಸಲುವಾಗಿ ಹೆಸರು ಒಂದು ಚೀಲ, ಖಣ ಒಂದು.’ ಕಂಪನಿ ಇಲ್ಲ ಎಂದರೆ ಮೋಟಾರನ್ನು ರಿಪೇರಿ ಮಾಡಿಸುವ ಶಕ್ತಿ ನಮಗಿಲ್ಲ, ಬಂದಷ್ಟಕ್ಕೆ ಮಾರುವುದೇ. ನಮ್ಮವರ ಮೊಣಕಾಲು ಹಿಡಿದು ಎರಡು ವರ್ಷವಾಯಿತು. ಪೇಟೆಯ ನಮ್ಮ ಅಂಗಡಿಗೆ ಕುಂಟುತ್ತ ಹೋಗಿ ಬರುವುದನ್ನು ನೋಡಲಾರದೆ ಈ ಮೋಟಾರಿಗೆ ನಾನೇ ಹೂಂ ಎಂದಿದ್ದೆ. ಈಗ ಒಂದು ಚೀಲ ಹೆಸರಿಗೆ ಅವರ ಕಾಲನ್ನು ಮಾರಿಕೊಂಡೆನೇ?

ನೀಲಮ್ಮನ ಮನೆಗೆ ಓಡಿದೆ. ಸುತ್ತಿ ಬಳಸಿ ವಿಷಯಕ್ಕೆ ಬಂದು, “ಆ ಹೆಸರು, ಆ ಖಣ ಹೊಳ್ಳಿ ಇಸ್ಕೋತೀಯೇನ? ಹೆಸರು ಸ್ವಲ್ಪ ಕುದಿಸೀನಿ, ಉಳದದ್ದು...” ಎಂದೆ.

ನೀಲಮ್ಮ ಮೊರ ಕೆಳಗೆ ಹಾಕಿದಳು. “ನಿನಗ ತಲಿಗಿಲಿ ಕೆಟ್ಟೈತೇನಬೇ? ಉಡಿ ತುಂಬಿದ್ದು ಯಾರರ ಹೊಳ್ಳಿ ಕೊಡ್ತಾರೇನು? ಮನ್ಯಾಗ ಬಸರ ಹೆಂಗಸು ಅದಾಳ. ಇನ್ನೊಮ್ಮೆ ಆ ಮಾತು ತೆಗೆದೀ ಅಂದ್ರ ನಿನ್ನ ಹೊಸ್ತಿಲ ತುಳಿಯೂದಿಲ್ಲ ನೋಡು.”

ಅವಳ ಮಾತು ನಿಜವೇ. ನನಗೂ ಗೊತ್ತಿತ್ತು. ಆದರೆ ಭಯಕ್ಕೆ ರೀತಿ ರಿವಾಜು ಎಲ್ಲಿ ತಿಳಿಯುತ್ತದೆ.

ಸಾಹೇಬರು ಬರುವ ದಿನ ಬೆಳಿಗ್ಗೆ ನನಗೆ ಕ್ಯಾಲೆಂಡರ ನೆನಪಾಯಿತು. ಹರಿದರೆ ಅನುಮಾನ ಬಂದೀತು. ಇನ್ನೂ ಮುಗಿಯದ ಅಕ್ಟೋಬರಿನ ಹಾಳೆಯನ್ನು ಹಿಂದಕ್ಕೆ ಮಡಿಚಿ ನವೆಂಬರು ತೆಗೆದಿಟ್ಟೆ. ಸಾಹೇಬರ ಹೆಸರು ಪಾಟೀಲರು. ದಪ್ಪ ಮೀಸೆ, ಮೆಲು ಮಾತು. ಮೋಟಾರು ನೋಡಿದರು, ಕಟ್ಟೆ ನೋಡಿದರು, ಒಳಗೆ ಬಂದು ಗೋಡೆ ನೋಡಿದರು.

“ಅಲ್ರೀ, ನಿಮ್ಮ ಮನ್ಯಾಗ ಆಗಲೇ ನಾಡು ಒಂದಾಗೇತಲ್ಲ!”

ನಮ್ಮವರು, ಕ್ಯಾಲೆಂಡರಿನ ಕಡೆ ನೋಡಿ ನನ್ನ ಕಡೆ ನೋಡಿ, “ನಮ್ಮಾಕಿಗೆ ಭಾಳ ಅವಸರರೀ” ಎಂದರು. ಊಟಕ್ಕೆ ಎಬ್ಬಿಸಿದೆವು. ಬೇರೆ ಪಲ್ಯ ಮಾಡಬೇಕೆಂದುಕೊಂಡಿದ್ದೆ. ಗಾಬರಿಯಲ್ಲಿ ಕೈಗೆ ಬಂದದ್ದು ಹೆಸರುಕಾಳೇ. ಪಾಟೀಲರು ಒಂದು ತುತ್ತು ಬಾಯಿಗಿಟ್ಟು, “ಏನ್ ಚೊಲೋ ಹೆಸರರೀ ಅಕ್ಕಾರ. ಎಲ್ಲೀವು?” ಎಂದರು.

ಅವರು ಕೇಳಿದ್ದು ಅಷ್ಟೇ. ನಾನು ಹೇಳಿದ್ದು ಎಲ್ಲ. ಬಸಿರು, ಬೀಗರು, ಚೀಲ, ಖಣ, ಕಡೆಗೆ ಕ್ಯಾಲೆಂಡರಿನ ಹಾಳೆ ತಿರುವಿ ಅಕ್ಟೋಬರನ್ನೂ ತೋರಿಸಿದೆ. ಗುರುಪಾದಪ್ಪನವರು ತಲೆಯ ಮೇಲೆ ಕೈ ಹೊತ್ತರು. ಪಾಟೀಲರು ರೊಟ್ಟಿ ಮುರಿಯುತ್ತ ಒಂದೇ ಪ್ರಶ್ನೆ ಕೇಳಿದರು.

“ಅವರು ಏನೂ ಕೊಡದಿದ್ರ ನೀವು ಆ ಹುಡುಗೀನ ಕರಕೊಂಡ ಬರ್ತಿದ್ದಿಲ್ಲೇನು?”

“ಅಯ್ಯ, ಬರ್ತಿದ್ದಿಲ್ಲೇನ್ರಿ! ಬಸರ ಹೆಂಗಸನ್ನ ಬಿಟ್ಟು ಬರ್ತಾರೇನು?”

“ಹಂಗಾದ್ರ ಬಾಡಿಗಿ ಅಲ್ಲ ಬಿಡ್ರಿ. ಇನ್ನಷ್ಟು ಹೆಸರು ಹಾಕ್ರಿ.”

ಮೋಟಾರಿಗೆ ಸಿಗುತ್ತದೆಂದು ಬರೆದುಕೊಂಡರು. ನನಗೆ ಅಳುವೇ ಬಂತು. ಅಂಥ ಮನುಷ್ಯನನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಒಳಗೆ ಹೋಗಿ ಒಂದು ಕಾಯಿ, ಪೆಟ್ಟಿಗೆಯಲ್ಲಿ ಎಲ್ಲಕ್ಕೂ ಮೇಲಿದ್ದ ಒಂದು ಖಣ ತಾಟಿನಲ್ಲಿಟ್ಟು ತಂದು, “ಮನ್ಯಾಗ ಅಕ್ಕಾರಿಗೆ ಕೊಡ್ರಿ” ಎಂದೆ. ಪಾಟೀಲರು ಹಾವು ಕಂಡಂತೆ ಹಿಂದೆ ಸರಿದರು.

“ಬ್ಯಾಡ್ರೀ ಅಕ್ಕಾರ. ಕಂಪನ್ಯಾವರು ಇದಕ್ಕ ಬ್ಯಾರೆ ಹೆಸರಿಡ್ತಾರ.”

“ನಾ ಕೊಡದಿದ್ರೂ ನೀವು ಬರಕೊಳ್ತಿದ್ರಿಲ್ರೀ? ಹಂಗಾದ್ರ ಅಲ್ಲ ಬಿಡ್ರಿ.”

ಪಾಟೀಲರು ಮೀಸೆಯಲ್ಲೇ ನಕ್ಕು, ಕೈ ಮುಗಿದು, ಟಾಂಗಾ ಹತ್ತಿದರು. ತಾಟು ಕೈಯಲ್ಲೇ ಉಳಿಯಿತು. ಒಬ್ಬರ ಉಡಿಗೆಂದು ತೆಗೆದದ್ದನ್ನು ಮತ್ತೆ ಪೆಟ್ಟಿಗೆಯಲ್ಲಿ ಇಡುವ ಪದ್ಧತಿ ನಮ್ಮಲ್ಲಿಲ್ಲ. ಎದುರಿಗೇ ಬಸುರಿ ಹೆಣ್ಣುಮಗಳು ಇರುವಾಗ ಇನ್ನೆಲ್ಲಿಗೆ ಹೋಗುವುದೆಂದು ಅದೇ ಹೆಜ್ಜೆಯಲ್ಲಿ ರಸ್ತೆ ದಾಟಿ, ಚಿಂತೆಯೆಲ್ಲ ಕಳೆದ ಹಗುರದಲ್ಲಿ, ಶಾಂತಾಳ ಉಡಿಗೆ ಕಾಯಿ, ಖಣ ಹಾಕಿ ಹರಸಿದೆ.

ಶಾಂತಾ ನಕ್ಕಳು. ನೀಲಮ್ಮ ನಗಲಿಲ್ಲ. ಖಣ ಎತ್ತಿ, ಹಸಿರು ದಡಿಯ ಮೇಲೆ ಬೆರಳಾಡಿಸಿ, ನನ್ನ ಮುಖ ನೋಡಿದಳು.

“ಇದು ನಮ್ಮ ಬೀಗರು ನಿನಗ ಹಾಕಿದ ಖಣ ಅಲ್ಲೇನಬೇ?”

ನಾನು ಮುರಿದ ಕಟ್ಟೆಗೆ ಬಂದು ಕೂತೆ. ಅದು ಯಾವ ವಿಮೆಯಲ್ಲೂ ಇಲ್ಲದ್ದು, ನನಗೆ ತಕ್ಕ ಜಾಗ. ಎದುರು ಮನೆಯ ಬಾಗಿಲು ಮುಚ್ಚಿತ್ತು. ಸಂಜೆ ನಮ್ಮವರು ಬಂದು, “ಮೋಟಾರ ಪಾರಾತಲ್ಲ, ಇನ್ಯಾಕ ಮಾರಿ ಸಣ್ಣದ ಮಾಡೀ?” ಎಂದರು. ಗುರುಪಾದಪ್ಪನವರು ಯಾವಾಗ ಬರುತ್ತಾರೆಂದು ಕೇಳಿದೆ. ಒಮ್ಮೆಲೇ ಮುಚ್ಚಿದ ಎದುರು ಮನೆಯ ಬಾಗಿಲಿಗೆ ವಿಮೆ ಉಂಟೇ ಎಂದು ಅವರನ್ನು ಕೇಳುವುದು ಇನ್ನೂ ಒಂದು ಉಳಿದಿತ್ತು.