ಜಪಾನಿನ ಮೂರು ಸೊನ್ನೆಗಳು

ಕುಡಿತ ಬಿಟ್ಟವರು ತಮ್ಮ ಪ್ರತಾಪ ಕೊಚ್ಚಿಕೊಳ್ಳುವಾಗ ಒಂದು ವಿಷಯವನ್ನು ಮುಚ್ಚಿಡುತ್ತಾರೆ. ನಾಲ್ಕು ಜನ ಗ್ಲಾಸು ಹಿಡಿದು ಕುಳಿತಲ್ಲಿ ನಮ್ಮ ಬಲಗೈಯನ್ನು ಎಲ್ಲಿಡಬೇಕು ಎಂಬುದನ್ನು ಅವರು ಹೇಳಿಕೊಡುವುದಿಲ್ಲ. ತೊಡೆಯ ಮೇಲಿಟ್ಟರೆ ಭಜನೆಗೆ ಬಂದವನಂತೆ ಕಾಣುತ್ತದೆ, ಗಲ್ಲಕ್ಕೆ ಕೊಟ್ಟರೆ ಹೆಂಡತಿ ಬಿಟ್ಟು ಹೋದವನಂತೆ ಕಾಣುತ್ತದೆ. ನಾನು ನೆಲಗಡಲೆಯ ತಟ್ಟೆಗೆ ಕೈಹಾಕಿ ನೋಡಿದೆ. ಕೈಗೆ ಕೆಲಸ ಸಿಕ್ಕಿತು, ಹೊಟ್ಟೆ ಕೆಟ್ಟಿತು. ಮಣಿಪಾಲದ ಡಾಕ್ಟರರು ನನ್ನ ರಿಪೋರ್ಟು ನೋಡಿ “ಇದು ಲಿವರಾ, ಬೆಣ್ಣೆ ಮುದ್ದೆಯಾ?” ಎಂದು ಕೇಳಿದ ಮೇಲೆ ಬಿಟ್ಟೆ ಎಂದು ನಮ್ಮೂರು ಅಲೆವೂರಿಗೆಲ್ಲ ಹೇಳಿದ್ದೇನೆ. ಅದು ಅರ್ಧ ನಿಜ. ಲಿವರಿಗೆ ಹೆದರುವಷ್ಟು ಬುದ್ಧಿ ನನಗಿದ್ದಿದ್ದರೆ ಅದು ಬೆಣ್ಣೆಯಾಗುತ್ತಲೇ ಇರಲಿಲ್ಲ.

ಇನ್ನರ್ಧ ನಿಜ ಕಾಪುವಿನಲ್ಲಿದೆ. ಅಲ್ಲಿ ನನ್ನ ಹೆಂಡತಿ ಸುಮತಿಯ ಅಣ್ಣ, ಅಂದರೆ ನಮ್ಮ ಭಾವ ಇದ್ದಾರೆ. ಸುಮತಿಗೆ ತವರು ಎಂದರೆ ಈಗ ಅವರೊಬ್ಬರೇ. ನಿವೃತ್ತ ಮೇಷ್ಟ್ರು, ಸಾಧು ಮನುಷ್ಯ. ಇರುವುದೊಂದೇ ಚಟ, ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಹಾಡಿದ ಪದ್ಯಕ್ಕೆ ಕುಳಿತಲ್ಲಿಂದಲೇ ಪಾತ್ರದ ಮಾತು ಆಡುವುದು, ಅದಕ್ಕೆ ನಾವು ಅರ್ಥ ಹೇಳುವುದು ಎನ್ನುತ್ತೇವೆ. ಬೇರೆಯವರು ಹತ್ತು ನಿಮಿಷದಲ್ಲಿ ಮುಗಿಸುವ ಅರ್ಥಕ್ಕೆ ಭಾವನಿಗೆ ಒಂದು ಗಂಟೆ ಬೇಕು. ಮೈಮೇಲೆ ಎಚ್ಚರವಿದ್ದಾಗ ನಾನು ಈ ಬಗ್ಗೆ ಚಕಾರ ಎತ್ತಿದವನಲ್ಲ. ಆದರೆ ಎರಡು ಗ್ಲಾಸು ಒಳಗಿಳಿಯಿತೆಂದರೆ ವಿಮರ್ಶಕ ಏಳುತ್ತಿದ್ದ. ಹೇಳಬಾರದ್ದನ್ನೆಲ್ಲ ಭಾವನ ಮುಖಕ್ಕೇ ಹೇಳಿ, ಅವರದೇ ಮನೆಯ ಕೋರಿ ರೊಟ್ಟಿ ತಿಂದು ಅಲೆವೂರಿಗೆ ಮರಳುತ್ತಿದ್ದೆ.

ಮರುದಿನ ಬೆಳಿಗ್ಗೆ ಸುಮತಿ ಫೋನು ಮಾಡುವಳು. “ಅಣ್ಣ, ಅದು ಅವರು ಹೇಳಿದ್ದಲ್ಲ. ಒಳಗೆ ಹೋದದ್ದು ಹೇಳಿಸಿದ್ದು.” ಆಚೆಯಿಂದ ಭಾವ, “ಇರಲಿ ಮಾರಾಯ್ತಿ, ನನಗೆ ಗೊತ್ತುಂಟಲ್ವಾ” ಎನ್ನುವರು. ಇಪ್ಪತ್ತು ವರ್ಷ ಈ ವ್ಯವಸ್ಥೆ ಸಾಂಗವಾಗಿ ನಡೆಯಿತು. ಬೈದವನು ನಾನು, ಕ್ಷಮೆ ಕೇಳಿದವಳು ಅವಳು, ತಪ್ಪು ಬಾಟಲಿಯದ್ದು. ಕಳೆದ ವರ್ಷ ಮಾತ್ರ ಭಾವನ ಅಂಗಳದಲ್ಲಿ, ಅವರ ಕೂಟದ ಗೆಳೆಯರೆದುರೇ, “ಭಾವ ಅರ್ಥಕ್ಕೆ ಕುಳಿತರೆ ರಣರಂಗದಲ್ಲಿ ಸತ್ತುಬಿದ್ದವನೂ ಬೇಸತ್ತು ಎದ್ದು ಮನೆಗೆ ಹೋಗುತ್ತಾನೆ” ಎಂದುಬಿಟ್ಟೆ. ಎಲ್ಲರೂ ನಕ್ಕರು. ಆಮೇಲೆ ಎಂಟು ತಿಂಗಳು ಭಾವ ತಂಗಿಯ ಫೋನು ಎತ್ತಲಿಲ್ಲ. ಸುಮತಿ ನನ್ನನ್ನು ಬೈಯಲೂ ಇಲ್ಲ. ಕಾಪುವಿನ ಬಸ್ಸು ಕಂಡರೆ ಮುಖ ತಿರುಗಿಸುತ್ತಿದ್ದಳು, ಅಷ್ಟೆ. ಅದನ್ನು ನೋಡಲಾಗದೆ ನಾನು ಬಿಟ್ಟದ್ದು.

ಹೀಗಿರುವಾಗ ಭಾವನಿಗೆ ಎಪ್ಪತ್ತು ತುಂಬಿತು. ಮನೆಯಲ್ಲೇ ತಾಳಮದ್ದಳೆ, ಮಧ್ಯಾಹ್ನ ಊಟ. ಸ್ವತಃ ಅವರೇ ಫೋನು ಮಾಡಿ ಕರೆದರು. ಸುಮತಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. “ಒಂದು ತೊಟ್ಟೂ ಮುಟ್ಟಬಾರದು. ಈ ಸಲ ಕೆಟ್ಟರೆ ನನಗೆ ಅಣ್ಣ ಇಲ್ಲ ಅಂತಲೇ ಲೆಕ್ಕ.” ನಾನು ಒಪ್ಪಿದೆ. ತೊಡಕು ಇನ್ನೊಂದಿತ್ತು. ಊಟಕ್ಕೆ ಮೊದಲು ಹಿತ್ತಲಿನ ತೆಂಗಿನ ಬುಡದಲ್ಲಿ ಗಂಡಸರು ಕೂರುವುದು ಆ ಮನೆಯ ಕ್ರಮ. ಅಲ್ಲಿ ಗ್ಲಾಸಿಲ್ಲದೆ ಕುಳಿತವನು ಮುನಿಸಿಕೊಂಡು ಬಂದವನು ಎಂದೇ ಅರ್ಥ. ರಾಜಿಗೆ ಹೋದವನು ಮುನಿದವನಂತೆ ಕಾಣುವುದು ಹೇಗೆ?

ಪರಿಹಾರ ಮಣಿಪಾಲದಲ್ಲಿ ಸಿಕ್ಕಿತು. ದೇಶವಿದೇಶದ ವಿದ್ಯಾರ್ಥಿಗಳಿಗೆಂದೇ ಇರುವ ಒಂದು ಅಂಗಡಿಯಲ್ಲಿ ಜಪಾನಿನ ಬಿಯರು, ಕಾಕ್‌ಟೇಲು, ವೈನು ಸಾಲಾಗಿ ನಿಂತಿದ್ದವು, ಒಂದರಲ್ಲೂ ಮದ್ಯವಿಲ್ಲ. ಗದಗ ಕಡೆಯ ಅಂಗಡಿಯಾತ ಪ್ರಾಮಾಣಿಕ. “ರುಚಿ ಐತ್ರೀ ಸರ, ಬುರುಗು ಐತ್ರೀ. ನಿಶಾ ಒಂದು ಕೇಳಬ್ಯಾಡ್ರಿ” ಎಂದ. ಡಬ್ಬಿಯ ತುಂಬ ಜಪಾನಿ ಅಕ್ಷರ. ನನಗೆ ಓದಲು ಬಂದದ್ದು 0.00 ಎಂಬುದೊಂದೇ. ಒಂದು ಸೊನ್ನೆ ಬರೆದರೆ ಹೆಂಡತಿಯರು ನಂಬುವುದಿಲ್ಲವೆಂದು ಜಪಾನಿನವರಿಗೂ ಗೊತ್ತಿರಬೇಕು, ಮೂರು ಬರೆದಿದ್ದರು.

ಮೊದಲು ಮನೆಯಲ್ಲಿ ಪರೀಕ್ಷೆ. ಕಾರ್ಕಳದಿಂದ ನನ್ನ ಹಳೆಯ ಜೊತೆಗಾರ ವಾಸಣ್ಣನನ್ನು ಕರೆಸಿದೆ. ಬಿಯರು ಬುರುಗೆಬ್ಬಿಸಿಕೊಂಡು ಗಂಭೀರವಾಗಿಯೇ ಬಂತು. ಬಾಯಿಗಿಟ್ಟರೆ ಉರಿಮೂತ್ರಕ್ಕೆ ಅಮ್ಮ ಕೊಡುತ್ತಿದ್ದ ಬಾರ್ಲಿ ನೀರು. ನಿಂಬೆಯ ಕಾಕ್‌ಟೇಲು ಕುಡಿದ ಮೇಲೆ ಪಾತ್ರೆ ತೊಳೆಯಬೇಕೆನಿಸಿತು. ವೈನು ಕೆಮ್ಮಿನ ಔಷಧಿಯ ಹಾಗಿತ್ತು, ಕೆಮ್ಮು ಮಾತ್ರ ಕುಡಿದ ಮೇಲೆ ಬಂತು. ವಾಸಣ್ಣ ಒಂದೊಂದು ಗುಟುಕಿಗೂ ಕಣ್ಣುಮುಚ್ಚಿ ಕಾದ. ಕೊನೆಗೆ ಗ್ಲಾಸು ಕೆಳಗಿಟ್ಟು, “ಇದೆಂತ ಮಾರಾಯ! ಹೆಣ್ಣು ನೋಡಲಿಕ್ಕೆ ಅಂತ ಕರಕೊಂಡು ಹೋಗಿ ಉಪ್ಪಿಟ್ಟು ಕೊಟ್ಟು ಕಳಿಸಿದ ಹಾಗಾಯ್ತು” ಎಂದವನು ನಾಲ್ಕು ಗಂಟೆಯ ಬಸ್ಸಿಗೇ ಹೊರಟುಹೋದ. ಸುಮತಿ ನನ್ನ ಬಾಯಿ ಮೂಸಿ ನೋಡಿ, ಬಹಳ ದಿನಗಳ ಮೇಲೆ ನಕ್ಕಳು. “ಇದಾದರೆ ಅಡ್ಡಿಯಿಲ್ಲ. ನಾಲ್ಕು ಡಬ್ಬಿ ಕಟ್ಟಿಕೊಳ್ಳಿ.”

ಕಾಪುವಿನಲ್ಲಿ ಭಾವ ನನ್ನನ್ನು ತಬ್ಬಿಕೊಂಡರು. ತಾಳಮದ್ದಳೆಯಲ್ಲಿ ಅವರು ಒಂದೂವರೆ ಗಂಟೆ ಮಾತಾಡಿದರು, ನಾನು ಎದುರಿಗೇ ಕುಳಿತು ತಲೆದೂಗಿದೆ. ಆಮೇಲೆ ಹಿತ್ತಲಿಗೆ ನಡೆದೆವು. ನನ್ನ ಡಬ್ಬಿ ಕಂಡು ಯಾರೋ ಎಂತದ್ದು ಎಂದು ಕೇಳಿದರು. “ಜಪಾನಿನದ್ದು” ಎಂದೆನೇ ಹೊರತು ಉಳಿದದ್ದನ್ನು ಹೇಳುವುದಕ್ಕೆ ಜಂಬ ಬಿಡಲಿಲ್ಲ. ಕೈಯಲ್ಲಿ ಗ್ಲಾಸು, ಅದರಲ್ಲಿ ಬುರುಗು, ಕಡಲಿನ ಗಾಳಿ, ಪಕ್ಕದಲ್ಲಿ ಹುರಿದ ಬಂಗುಡೆ. ಎರಡನೆಯ ಡಬ್ಬಿ ಮುಗಿಯುವಷ್ಟರಲ್ಲಿ ನನ್ನ ಕಾಲು ತಾನಾಗಿ ಕಾಲಿನ ಮೇಲೇರಿತು, ದನಿ ದೊಡ್ಡದಾಯಿತು. ಆಗ ಭಾವ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ಪರೀಕ್ಷೆ ಬರೆದ ಮಕ್ಕಳ ಮುಖ ಮಾಡಿ ಕೇಳಿದರು: “ಇವತ್ತು ನನ್ನ ಅರ್ಥ ಹೇಗಾಯ್ತು ಭಾವ?”

“ಎಂತ ಹೇಳುವುದು ಭಾವ,” ಎಂದೆ ನಾನು, ಗ್ಲಾಸನ್ನು ಎತ್ತಿ ಹಿಡಿದು. “ಎದುರುಪಕ್ಷದವರು ಯುದ್ಧ ಮಾಡದೆಯೇ ಸೋತರಲ್ಲ! ಬಾಣಕ್ಕೆ ಬಿದ್ದವರನ್ನು ನೋಡಿದ್ದೇನೆ, ತೂಕಡಿಸಿ ಬಿದ್ದವರನ್ನು ಇವತ್ತೇ ನೋಡಿದ್ದು.”

ಭಾವನ ಮುಖ ಸಣ್ಣದಾಯಿತು. ಆದರೂ ದೊಡ್ಡ ಮನುಷ್ಯ, ತಾವೇ ಸಾವರಿಸಿಕೊಂಡರು. “ಬಿಡಿ, ಅವರು ಹೇಳುವುದಲ್ಲ, ಒಳಗೆ ಹೋದದ್ದು ಹೇಳಿಸುವುದು” ಎಂದು ಎಲ್ಲರಿಗೂ ಸಮಾಧಾನ ಹೇಳಿ, “ಜಪಾನಿನದ್ದು ಬಹಳ ಸ್ಟ್ರಾಂಗ್ ಉಂಟು ಕಾಣ್ತದೆ” ಎನ್ನುತ್ತಾ ಖಾಲಿ ಡಬ್ಬಿ ಎತ್ತಿಕೊಂಡರು. ಜೇಬಿನಿಂದ ಕನ್ನಡಕ ತೆಗೆದರು. ಭಾವ ಡಬ್ಬಿಯನ್ನು ಒಂದು ಸುತ್ತು ತಿರುಗಿಸಿದರು, ಮತ್ತೊಂದು ಸುತ್ತಿಗೆ ಅವರ ಬೆರಳು ಆ ಮೂರು ಸೊನ್ನೆಗಳ ಮೇಲೆ ನಿಂತಿತು.

“ಇದರಲ್ಲಿ ಎಂತದೂ ಇಲ್ಲವಲ್ಲ” ಎಂದರು ಮೆಲ್ಲಗೆ. ಡಬ್ಬಿಯನ್ನು ಇದ್ದಲ್ಲೇ ಇಟ್ಟು, “ಊಟಕ್ಕೆ ಏಳಿ” ಎಂದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಸುಮತಿ ಫೋನು ಹಿಡಿದು ಬಹಳ ಹೊತ್ತು ಕುಳಿತಳು. “ಎಂತ ಹೇಳಲಿ ನಾನು? ಬಾರ್ಲಿ ನೀರು ಹೇಳಿಸಿದ್ದು ಅಂತ ಹೇಳುವುದಾ?” ಎಂದು ಅದನ್ನು ನನ್ನ ಕೈಗೆ ಕೊಟ್ಟಳು. ನಾನೇ ನಂಬರು ಒತ್ತಿದೆ. ಅದೃಷ್ಟಕ್ಕೆ ಭಾವ ಫೋನು ಎತ್ತಿದರು.

“ಭಾವ, ತಪ್ಪಾಯಿತು. ನಿನ್ನೆ ಹೇಳಿದ್ದು ಯಾವುದೂ ಹೇಳಿಸಿದ್ದಲ್ಲ. ನಾನೇ ಹೇಳಿದ್ದು.”

ಅರ್ಥಕ್ಕೆ ಕೂರುವಾಗಿನ ಹಾಗೆ ಅವರು ಗಂಟಲು ಸರಿಪಡಿಸಿಕೊಂಡರು. “ಅದು ನಿನ್ನೆಯೇ ಗೊತ್ತಾಯ್ತು ಭಾವ. ನಾನೀಗ ಯೋಚನೆ ಮಾಡುವುದು ಬೇರೆ. ಈ ಇಪ್ಪತ್ತು ವರ್ಷ ಹೇಳಿದ್ದೆಲ್ಲ ಯಾರು?”

ಒಂದು ಗಂಟೆಗೆ ಕಡಿಮೆ ಅರ್ಥ ಹೇಳಲಾಗದ ಮನುಷ್ಯ ಒಂದೇ ವಾಕ್ಯದಲ್ಲಿ ನನ್ನನ್ನು ಕೆಡವಿ, ಉತ್ತರಕ್ಕಾಗಿ ಕಾದರು. ತುಂಬ ಹೊತ್ತು ಕಾದು ಫೋನಿಟ್ಟರು.

“ಅಣ್ಣ ಎಂತ ಕೇಳಿದ?” ಎಂದಳು ಸುಮತಿ. ಹೇಳಿದೆ.

“ಅದಕ್ಕೆ ನೀವು ಎಂತ ಹೇಳಿದಿರಿ?”

ಏನೂ ಹೇಳಲಿಲ್ಲ ಎಂದೆ. ಮುಚ್ಚಬೇಕಾದಲ್ಲೆಲ್ಲ ತೆರೆದುಕೊಂಡೇ ಬಂದ ಬಾಯಿ ಇದು. ತೆರೆಯಲೇಬೇಕಾಗಿದ್ದ ಒಂದು ಬೆಳಿಗ್ಗೆ ಗಪ್ಪೆಂದು ಮುಚ್ಚಿಕೊಂಡು ಕುಳಿತಿತ್ತು.