ಕಾಲಿನ ಹೆಬ್ಬೆರಳಿನ ವಿರಹ

ನನ್ನ ಹೆಂಡತಿ ಲಿಬ್ರಾದಾ ತನ್ನ ತಂಗಿಯ ಬಾಣಂತನಕ್ಕೆಂದು ನಮ್ಮೂರು ಎನ್ಕಾರ್ನಾಸಿಯೋನ್ ಬಿಟ್ಟು ದೂರದ ಕೊನ್ಸೆಪ್ಸಿಯೋನ್‌ಗೆ ಹೋಗಿ ಕೂತಿದ್ದಾಳೆ. ಇಲ್ಲಿ ನನ್ನ ಪಾಡು ಕೇಳಬೇಡಿ. ಒಂದೇ ಲೋಟದಲ್ಲಿ ಸರದಿಯಂತೆ ಇಬ್ಬರೂ ಹೀರುವ ತಣ್ಣನೆಯ ತೆರೆರೆ ಕಷಾಯ ಬೆರೆಸಿಕೊಂಡು ಅಂಗಳದಲ್ಲಿ ಕೂತರೆ ಲೋಟವನ್ನು ಯಾರ ಕೈಗೆ ಕೊಡಲಿ? ಎದುರಿನ ಖಾಲಿ ಕುರ್ಚಿಯ ಕಡೆ ಚಾಚಿ, ನಾಚಿ, ನಾನೇ ಹೀರುತ್ತಿದ್ದೆ.

ಹೀಗಿರುವಾಗ ಕಾಲಿನ ಹೆಬ್ಬೆರಳಿನ ಉಗುರು ಮಾಂಸದೊಳಗೆ ಬೆಳೆದು, ಬೆರಳು ಕೆಂಪಗೆ ಊದಿಕೊಂಡಿತು. ನೋವಾಗಬೇಕಾದಲ್ಲಿ ನನಗೆ ಪರಮಾನಂದವಾಯಿತು. ಇನ್ನು ಅವಳು ಓಡಿ ಬರಲೇಬೇಕು! ಫೋನು ಮಾಡಿದೆ.

"ಲಿಬ್ರಾದಾ, ಕಾಲೇ ಹೋಗೋ ಹಾಗಿದೆ ಕಣೆ."

"ಯಾವ ಬೆರಳು?" (ಹೇಗೆ ತಿಳಿಯಿತೋ!)

"ಹೆಬ್ಬೆರಳು. ನೀನೊಂದ್ಸಲ ಬಂದು ನೋಡಿದ್ರೆ..."

"ನಾನೇನು ಮುಲಾಮಾ? ಔಷಧಿ ಅಂಗಡಿಗೆ ಹೋಗು, ಮುದುಕಾ."

ಮೂಲೆಯ ಔಷಧಿ ಅಂಗಡಿಯ ಒಬ್ದುಲಿಯಾ ಅಮ್ಮ ಬಗ್ಗಿ ನೋಡಿದರು. "ಬೆಚ್ಚಗಿನ ಉಪ್ಪುನೀರಲ್ಲಿ ನೆನೆಸಿ, ಒರೆಸಿ, ಈ ಮುಲಾಮು ಹಚ್ಚಿ. ಚಾಕು ಹಾಕಿ ಕೆದಕ್ಬೇಡಿ. ಕೆಂಪು ಮೇಲಕ್ಕೆ ಹರಡಿದ್ರೆ, ಜ್ವರ ಬಂದ್ರೆ, ನನ್ನ ಹತ್ರ ಬರ್ಬೇಡಿ. ನೇರ ಡಾಕ್ಟರ ಹತ್ರ ಹೋಗಿ."

ಮುಲಾಮು ಕೊಂಡೆ. ಹಚ್ಚಲಿಲ್ಲ. ವಾಸಿಯಾದರೆ ಅವಳೇಕೆ ಬಂದಾಳು?

ಬೆರಳು ನನ್ನ ಮನಸ್ಸನ್ನು ಅರಿತು ಧಾರಾಳವಾಗಿ ಕೀವು ಕಟ್ಟಿತು. ಪಾದದ ಮೇಲೊಂದು ಕೆಂಪು ಗೆರೆ ಮೊಣಕಾಲಿನ ಕಡೆಗೆ ದಂಡಯಾತ್ರೆ ಹೊರಟಿತು. ಚಳಿಜ್ವರಕ್ಕೆ ಹಲ್ಲು ಕಟಕಟಿಸಿದಾಗ ವಿರಹ ಇಳಿದು ಪ್ರಾಣಭಯ ಏರಿತು. ನೆರೆಯವನ ಬೈಕಿನ ಹಿಂದೆ ಕೂತು ಆಸ್ಪತ್ರೆಗೆ ಹೋದೆ.

ಡಾಕ್ಟರು ಕೀವು ತೆಗೆದು, ಸೂಜಿ ಚುಚ್ಚಿ, ಮಾತ್ರೆ ಬರೆದುಕೊಟ್ಟರು. "ಇನ್ನೂ ತಡ ಮಾಡಿದ್ರೆ ಸೋಂಕು ರಕ್ತಕ್ಕೇ ಸೇರ್ತಿತ್ತು. ಯಾಕ್ರೀ ಸುಮ್ನಿದ್ರಿ?"

"ಹೆಂಡ್ತಿ ಊರಲ್ಲಿಲ್ಲ, ಡಾಕ್ಟ್ರೇ."

"ಬೆರಳು ಊರಲ್ಲೇ ಇತ್ತಲ್ಲ?"

ಮನೆಗೆ ಬಂದು, ಕಾಲನ್ನು ದಿಂಬಿನ ಮೇಲೇರಿಸಿ, ಲಿಬ್ರಾದಾಳಿಗೆ ಎಲ್ಲವನ್ನೂ ಹೇಳಿದೆ. ಈ ಸಲ ಒಗ್ಗರಣೆ ಹಾಕಲಿಲ್ಲ. ಆ ಕಡೆಯಿಂದ ಮೂಗೆಳೆಯುವ ಸದ್ದು. ಅಳುತ್ತಿದ್ದಾಳೆ! ನನ್ನ ಎದೆ ಬೆರಳಿಗಿಂತ ಹೆಚ್ಚು ಉಬ್ಬಿತು.

"ನೀನೇ ಹೋದ್ಯಾ? ಯಾರೂ ಎಳ್ಕೊಂಡು ಹೋಗ್ದೇನೇ?"

"ನಾನೇ."

"ನಂಗಿಲ್ಲಿ ನಿದ್ದೇನೇ ಬರ್ತಿರ್ಲಿಲ್ಲ, ಮುದುಕಾ. ನಾನಿಲ್ದೆ ಏನು ಮಾಡ್ಕೊಳ್ತೀಯೋ ಅಂತ. ಶನಿವಾರ ಹೊರಡೋಣ ಅಂತ ಬಟ್ಟೇನೂ ಕಟ್ಟಿಟ್ಟಿದ್ದೆ."

"ಬಾ, ಬಾ!"

"ಇನ್ಯಾಕೆ? ಎಷ್ಟು ಜಾಣನಾಗಿಬಿಟ್ಟಿದ್ದೀಯ! ಮಗೂನ ಜ್ಞಾನಸ್ನಾನ ಮುಗಿಸ್ಕೊಂಡೇ ಬರ್ತೀನಿ. ಮಾತ್ರೆ ಅರ್ಧಕ್ಕೆ ಬಿಡ್ಬೇಡ."

ಮದುವೆಯಾದಂದಿನಿಂದ ಅವಳ ಬಾಯಿಂದ ಒಂದು ಹೊಗಳಿಕೆಗಾಗಿ ಹಂಬಲಿಸಿದ್ದೆ. ಬಂತು. ಅವಳ ಬದಲಿಗೆ.