ಸೂಟ್‌ಕೇಸಿನಲ್ಲಿ ಲಿವರ್

ಬಾಳೆಕಾಯಿ ಹೆರೆದು, ಎಲೆಯಲ್ಲಿ ಮೂಟೆ ಕಟ್ಟಿ, ಒಲೆಯ ಮೇಲಿನ ಪಾತ್ರೆಗೆ ಇಳಿಸುವಷ್ಟರಲ್ಲಿ ಚೊಲಾಬಾ ಒಂದು ಇಡೀ ಸಿನಿಮಾ ಹೇಳಿ ಮುಗಿಸುತ್ತಿದ್ದಳು. ಅವತ್ತು ಮಾತ್ರ ಅರ್ಧ ಬಾಳೆಕಾಯಿ ಇನ್ನೂ ಬುಟ್ಟಿಯಲ್ಲಿರುವಾಗಲೇ ಕತೆ ನಿಂತುಹೋಯಿತು. ಹಿಂದಿನ ರಾತ್ರಿ ಅವಳು ನೋಡಿದ್ದೇ ಅರ್ಧ. ಆಮೇಲೆ ಕೂತಲ್ಲೇ ತೂಕಡಿಸಿದ್ದಳು. ಕತೆ ಅರ್ಧವಾದರೇನು, ಅಭಿಪ್ರಾಯಕ್ಕೆ ಅಷ್ಟು ಸಾಕು.

"ಆ ಕಸುಲೇನ ಎಷ್ಟು ಒಳ್ಳೆಯವನು ಅಂದ್ಕೊಂಡಿದ್ದೆ ಗೊತ್ತಾ," ಎಂದಳು ಚಾಕು ಆಡಿಸುತ್ತ. "ನೋಡಿದ್ರೆ ಊರಾಚೆ ಇನ್ನೊಂದು ಮನೆ ಮಾಡಿದಾನೆ. ಅವಳಿಗೆ ಸೂಟ್‌ಕೇಸ್ ತುಂಬ ಲಿವರ್, ಕಟ್ಕೊಂಡ ಹೆಂಡ್ತಿಗೆ ಮೂಳೆ! ಇಂಥವನನ್ನ ಅವನ ಅಂಗಡಿ ಕೊಕ್ಕೆಗೇ ನೇತುಹಾಕ್ಬೇಕು."

ಎದುರಿಗೆ ಕೂತಿದ್ದ ಪಕ್ಕದ ಮನೆಯ ನಕಿಟೆಂಡೆ "ಅಯ್ಯೋ ಪಾಪಿ" ಎಂದು ಲೊಚಗುಟ್ಟಿ, ತವರಿನ ಬಸ್ಸಿಗೆ ಹೊತ್ತಾಯಿತೆಂದು ಗಂಟು ಹೊತ್ತು ಹೊರಟುಬಿಟ್ಟಳು. ಇದು ಸಿನಿಮಾದ ಮಾತು ಎಂದು ಬಲ್ಲ ಒಂದೇ ಒಂದು ಸಾಕ್ಷಿ ಹಾಗೆ ಬಸ್ಸು ಹತ್ತಿತು.

ಇವರ ಊರಾದ ನಟೇಟೆಯಲ್ಲಿ ಪರದೇಶದ ಸಿನಿಮಾವನ್ನು ವಿಜೆ ಇಲ್ಲದೆ ನೋಡುವುದೆಂದರೆ ಉಪ್ಪಿಲ್ಲದ ಸಾರು ಉಂಡ ಹಾಗೆ. ಪರದೆಯ ಮೇಲೆ ಬಿಳಿಯರು ತಮ್ಮ ಪಾಡಿಗೆ ಬಾಯಾಡಿಸುತ್ತಿರುತ್ತಾರೆ. ಅವರ ಮಾತಿನ ಮೇಲೆ ವಿಜೆ ಎಂಬ ಮಾತುಗಾರ ಊರಿನ ಲುಗಾಂಡಾ ಭಾಷೆಯಲ್ಲಿ ತನ್ನ ದನಿ ಮುದ್ರಿಸಿ, ತನಗೆ ತೋಚಿದ ಕತೆ ಹೇಳುತ್ತಾನೆ. ಅವರಲ್ಲೆಲ್ಲ ವಿಜೆ ಕಸುಕು ಎನ್ನುವವನ ನಾಲಿಗೆ ಒಂದು ಗೇಣು ಹೆಚ್ಚು ಉದ್ದ. ಬಿಳಿಯರ ಹೆಸರು ಯಾರಿಗೆ ನೆನಪಿರುತ್ತದೆ ಎಂದು ಎಲ್ಲರಿಗೂ ಊರಿನ ಹೆಸರೇ ಇಡುತ್ತಿದ್ದ. ಸೂಟು ತೊಟ್ಟ ಬೋಳುತಲೆಯ ಬಿಳಿಯನೊಬ್ಬನಿಗೆ ಕಸುಲೆ ಎಂದು ಹೆಸರಿಟ್ಟು, ಅವನನ್ನು ಮಾಂಸದಂಗಡಿಯವನನ್ನಾಗಿ ಮಾಡಿ, ಕೈಯಲ್ಲಿದ್ದ ಸೂಟ್‌ಕೇಸಿನ ತುಂಬ ಲಿವರ್ ಇದೆ ಎಂದದ್ದೂ ಅವನೇ. ಅದರೊಳಗೆ ನಿಜವಾಗಿ ಏನಿತ್ತೋ, ದೇವರಿಗೂ ಆ ಬಿಳಿಯನಿಗೂ ಮಾತ್ರ ಗೊತ್ತು.

ಬೇಲಿಯಾಚೆ ಕೆಂಡ ಕೇಳಲು ಬಂದು ನಿಂತಿದ್ದ ಜಾಜಾ ಬಿರುಂಗಿಗೆ ಇದಾವುದೂ ಗೊತ್ತಿರಲಿಲ್ಲ. ಕೇರಿಗೆಲ್ಲ ಅಜ್ಜಿಯಾದ ಅವಳ ಮನೆಯಲ್ಲಿ ಟಿವಿ ಇಲ್ಲ; ಕಿವಿ ಇರುವಾಗ ಟಿವಿ ಯಾಕೆ ಎನ್ನುವವಳು. ಅವಳು ಬಲ್ಲ ಕಸುಲೆ ಒಬ್ಬನೇ, ಮೂಲೆಯ ಮಾಂಸದಂಗಡಿಯವನು. ಅವನದೂ ಬೋಳುತಲೆಯೇ. ಜಾಜಾ ಕೆಂಡವನ್ನು ಮರೆತಳು, ಮಂಡಿನೋವನ್ನೂ ಮರೆತಳು. ಅವಳು ಓಡಿದ ರಭಸಕ್ಕೆ ದಾರಿಯ ಕೋಳಿಗಳು ಮರ ಹತ್ತಿದವು.

ಕಸುಲೆಯ ಹೆಂಡತಿ, ಎಲ್ಲರ ಬಾಯಲ್ಲಿ ಕಿರಾಬೊ ಅಮ್ಮ, ಆಗ ಒಲೆಯ ಮುಂದೆ ಇದ್ದಳು. ಒಲೆಯ ಮೇಲೆ ಮೂಳೆ ಬೇಯುತ್ತಿತ್ತು. ಮಾಂಸ ಮಾರುವವನ ಮನೆಗೆ ಮಾರಿ ಉಳಿದದ್ದೇ ಗತಿ.

"ಜಾಜಾ, ಲಿವರ್ ಅಂದ್ರಾ?"

"ಸೂಟ್‌ಕೇಸ್ ತುಂಬ ಕಣೇ. ನಾಲೊಂಗೊ ಬಾಯಾರೆ ಹೇಳಿದ್ದನ್ನ ನಾನು ಕಿವಿಯಾರೆ ಕೇಳಿದೀನಿ."

ಅವಳಿ ಮಕ್ಕಳನ್ನು ಹೆತ್ತ ಚೊಲಾಬಾಳನ್ನು ಕೇರಿಯೆಲ್ಲ ನಾಲೊಂಗೊ ಎಂದೇ ಕರೆಯುತ್ತಿತ್ತು. ಅವಳಿಗಳ ತಾಯಿಯ ಮಾತಿಗೆ ತೂಕ ಜಾಸ್ತಿ. ಕಿರಾಬೊ ಅಮ್ಮ ಪಾತ್ರೆಯ ಮುಚ್ಚಳ ತೆಗೆದು, ಒಳಗಿನ ಮೂಳೆಗಳನ್ನು ಒಮ್ಮೆ ದಿಟ್ಟಿಸಿ ನೋಡಿದಳು. ಆಮೇಲೆ ತವರಿಗೆ ಹೊರಡಲು ಬಟ್ಟೆ ಗಂಟು ಕಟ್ಟಿ ಬಾಗಿಲಲ್ಲಿಟ್ಟು, ಒನಕೆ ಎತ್ತಿಕೊಂಡಳು.

ಅತ್ತ ಚೊಲಾಬಾ ಬಾಳೆಕಾಯಿಯ ಮೂಟೆಯನ್ನು ಒಲೆಗಿಟ್ಟು, ಮಾಂಸ ತರೋಣವೆಂದು ಅಂಗಡಿಗೆ ಬಂದರೆ ಅಲ್ಲಿ ಜಾತ್ರೆಯೇ ನೆರೆದಿತ್ತು. ನಡುವೆ ಕಿರಾಬೊ ಅಮ್ಮ ಮಂಡಿಯೂರಿ ಕೂತಿದ್ದಳು. ಮಾಂಸ ಕೊಳ್ಳಲು ಬಂದಿದ್ದ ಕೇರಿಯ ಚೇರ್ಮನ್ ವಸ್ವಾ ಎದುರಿಗೆ ಸಿಕ್ಕಿಬಿಟ್ಟಿದ್ದ. ಹಿರಿಯರು ಕಂಡಾಗ ಮಂಡಿಯೂರಿ ಕ್ಷೇಮ ವಿಚಾರಿಸದೆ ಜಗಳ ತೆಗೆಯುವುದು ಮಾನವಂತರ ಮನೆಯ ಹೆಂಗಸಿಗೆ ಒಪ್ಪುವುದಿಲ್ಲ.

"ಹೇಗಿದೀರಾ ಚೇರ್ಮನ್ನರೇ?"

"ಚೆನ್ನಾಗಿದೀನಮ್ಮ. ಮನೇಲಿ ಎಲ್ಲ ಹೇಗಿದಾರೆ?"

"ಎಲ್ಲ ಚೆನ್ನಾಗಿದಾರೆ. ನಿಮ್ಮನೇಲಿ?"

"ಅವರೂ ಆರಾಮ. ಪಾಪ, ತುಂಬ ದುಡೀತೀಯ ತಾಯಿ."

"ನೀವೂ ತುಂಬ ದುಡೀತೀರಿ," ಎಂದು ಎದ್ದು ನೆಟ್ಟಗೆ ನಿಂತು, ಪಕ್ಕದಲ್ಲಿಟ್ಟಿದ್ದ ಒನಕೆಯನ್ನು ಎತ್ತಿಕೊಂಡು, "ಎಲ್ಲಿ ಆ ನಾಯಿ?" ಎಂದಳು.

ಕುಶಲಪ್ರಶ್ನೆ ಮುಗಿಯುವಷ್ಟರಲ್ಲಿ ಕಸುಲೆ, ನೇತುಹಾಕಿದ್ದ ಅರ್ಧ ದನದ ಹಿಂದೆ ಸೇರಿಕೊಂಡಿದ್ದ. ಮುಂದಿನಿಂದ ನೋಡಿದರೆ ಸತ್ತ ದನಕ್ಕೆ ಗಂಬೂಟು ಹಾಕಿದ ಎರಡು ಕಾಲು ಮೂಡಿದ ಹಾಗಿತ್ತು.

"ಬಂದ್ಲು ನೋಡಿ ನಾಲೊಂಗೊ! ಅವಳೇ ಹೇಳ್ಲಿ," ಎಂದು ಜಾಜಾ ಚೊಲಾಬಾಳನ್ನು ಕೈಹಿಡಿದು ಮುಂದೆ ಎಳೆದಳು. ಸೂಟ್‌ಕೇಸು, ಲಿವರ್, ಇನ್ನೊಂದು ಮನೆ ಎಂದು ನಾಲ್ಕು ಬಾಯಿ ಒಟ್ಟಿಗೆ ವಿವರಿಸಿದವು. ಚೊಲಾಬಾ ಕೈ ಬಿಡಿಸಿಕೊಂಡಳು.

"ಅಯ್ಯೋ ದೇವರೇ! ಅದು ಸಿನಿಮಾ ಕಣ್ರೀ! ಆ ಕಸುಲೆ ಈ ಕಸುಲೆ ಅಲ್ಲ. ಅವನು ಬಿಳಿಯ!"

"ಬಿಳಿಯರಲ್ಲಿ ಕಸುಲೆ ಅಂತ ಯಾವಾಗಿಂದ ಹೆಸರಿಡ್ತಾರೆ?" ಎಂದಳು ಕಿರಾಬೊ ಅಮ್ಮ. "ಬಿಳಿಯ, ಮಾಂಸದಂಗಡಿಯವನು, ಬೋಳುತಲೆ, ಸೂಟ್‌ಕೇಸಲ್ಲಿ ಲಿವರ್. ಇಷ್ಟೂ ಸಿನಿಮಾದಲ್ಲಿತ್ತಾ?"

"ಇತ್ತು!"

ಜನ ಗೊಳ್ಳೆಂದರು. ನಿಜ ಹೇಳುತ್ತ ಹೋದಷ್ಟೂ ತನ್ನ ಮಾತು ತನಗೇ ಸುಳ್ಳಿನ ಹಾಗೆ ಕೇಳಿಸುತ್ತಿದೆಯಲ್ಲ ಎಂದು ಚೊಲಾಬಾ ಕಂಗೆಟ್ಟಳು.

"ಇವನನ್ನ ಕಾಪಾಡೋಕೆ ನಿಂಗ್ಯಾಕಮ್ಮ ಇಷ್ಟು ಅವಸರ?" ಎಂದಿತು ಗುಂಪಿನ ಒಂದು ದನಿ.

ಆಗ ದನದ ಹಿಂದಿನಿಂದ ಕಸುಲೆ ಕೃತಜ್ಞತೆ ತಡೆಯಲಾರದೆ ಕೂಗಿದ: "ನಾಲೊಂಗೊ, ನೀನೇ ನನ್ನ ಪಾಲಿನ ದೇವರು! ಸಾಯೋ ತನಕ ಮರೆಯಲ್ಲ. ಬೇಕಾದಷ್ಟು ಲಿವರ್ ತಗೊಂಡು ಹೋಗು!"

ಜಾಜಾ ಬಿರುಂಗಿ ಚೊಲಾಬಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹಾಗಾದ್ರೆ ಆ ಇನ್ನೊಂದು ಮನೆ..."

"ಜಾಜಾ!"

ಒನಕೆ ಕಸುಲೆಯ ದಿಕ್ಕು ಬಿಟ್ಟು ಚೊಲಾಬಾಳ ಕಡೆ ತಿರುಗಿತು. ಚೇರ್ಮನ್ ವಸ್ವಾ ನಡುವೆ ಬಂದು ಕೈಯೆತ್ತಿದ.

"ಸಿನಿಮಾ ಅಂತ ತಾನೇ ಅಂತಿರೋದು? ಸಂಜೆ ನಾಲೊಂಗೊ ಅಂಗಳದಲ್ಲಿ ಎಲ್ಲರೂ ನೋಡೋಣ. ಇದ್ರೆ ಸರಿ. ಇಲ್ದಿದ್ರೆ ಕಿರಾಬೊ ಅಮ್ಮ ಗಂಟು ಹೊತ್ಕೊಂಡು ತವರಿಗೆ ಹೋಗ್ಲಿ, ನಾಲೊಂಗೊ ಈ ಕೇರಿ ಬಿಡಲಿ."

ಚೊಲಾಬಾ ಮನೆಗೆ ಓಡಿಬಂದು ಟಿವಿಯ ಹಿಂದೆ ಕೈಹಾಕಿದರೆ ಸಿನಿಮಾ ಇದ್ದ ಪೆನ್‌ಡ್ರೈವ್ ಇಲ್ಲ. ಹಾಡು ಕೇಳಲೆಂದು ಗಂಡ ಲುಟಾಯಾ ಅದನ್ನು ಬೆಳಿಗ್ಗೆಯೇ ವ್ಯಾನಿಗೆ ಸಿಕ್ಕಿಸಿಕೊಂಡು ಹೋಗಿದ್ದ. ನಟೇಟೆಯಿಂದ ಎಂಪಿಗಿಗೆ ಬಾಡಿಗೆ ವ್ಯಾನು ಓಡಿಸುವವನು, ಫೋನು ಮಾಡಿದರೆ ಎತ್ತುವವನಲ್ಲ. ಮಧ್ಯಾಹ್ನವೆಲ್ಲ ಅವಳು ಬಾಗಿಲಲ್ಲಿ ಕೂತು ರಸ್ತೆ ನೋಡಿದಳು. ನಲ್ಲಿಗೆ ಬಂದ ಹೆಂಗಸರು ಕೊಡ ತುಂಬಿ ಹರಿದರೂ ಹೋಗದೆ ಅವಳ ಮುಖ ನೋಡುತ್ತ ನಿಂತರು. ಇಷ್ಟು ವರ್ಷ ಬಾಣಂತನಕ್ಕೂ ಸಾವಿಗೂ ಇವರ ಬಾಗಿಲಿಗೆಲ್ಲ ಹೋಗಿಬಂದವಳು, ಒಂದು ಕಿಲೋ ಲಿವರಿನ ಮಾತಿಗೆ ಪರಕೀಯಳಾಗಿಬಿಟ್ಟಿದ್ದಳು.

ಹೊತ್ತು ಮುಳುಗುವಾಗ ಲುಟಾಯಾ ಬಂದ. ಅಂಗಳದ ತುಂಬ ಸ್ಟೂಲು, ಚಾಪೆ, ಜೆರಿಕ್ಯಾನುಗಳ ಮೇಲೆ ಜನ. ವಿಷಯ ಕೇಳಿ ಅವನು ಗೋಡೆ ಹಿಡಿದುಕೊಂಡು ನಕ್ಕ.

"ಕಸುಕು ನಂಗೆ ಗೊತ್ತಿಲ್ವಾ? ಎಂಪಿಗಿಯವನು, ನನ್ನ ವ್ಯಾನಲ್ಲೇ ಓಡಾಡೋದು. ಮುಂದಿನ ಸೀಟೇ ಬೇಕು ಅವನಿಗೆ. ಕಸುಲೆಯಣ್ಣ, ಬಾ, ನಿನ್ನನ್ನ ನೀನೇ ನೋಡ್ಕೋ!"

ಟಿವಿಯನ್ನು ಹೊರಗೆ ತಂದು ಮೇಜಿನ ಮೇಲಿಟ್ಟರು. ಸಿನಿಮಾ ಶುರುವಾಯಿತು. ಸೂಟಿನ ಬಿಳಿಯ ಕಾರಿನಿಂದ ಇಳಿದ, ಕಸುಕುವಿನ ಗಂಟಲು ಗುಡುಗಿತು: "ಬಂದ ನೋಡಿ ನಮ್ಮ ಕಸುಲೆ! ಮಾಂಸದಂಗಡಿ ಮುಚ್ಚಿ ಸೂಟು ಹಾಕ್ಕೊಂಡಿದಾನೆ. ಸೂಟ್‌ಕೇಸಲ್ಲಿ ಏನಪ್ಪಾ? ಲಿವರಾ? ಮನೇಲಿ ಹೆಂಡ್ತಿ ಮೂಳೆ ಚೀಪ್ತಿದಾಳೆ, ಪಾಪ!"

ಅಂಗಳ ಬಿದ್ದುಬಿದ್ದು ನಕ್ಕಿತು. ಕಿರಾಬೊ ಅಮ್ಮ ನಕ್ಕಳು, ಅತ್ತಳು, ಮತ್ತೆ ನಕ್ಕಳು. ಕಸುಲೆ ಟಿವಿಗೇ ಕೈಮುಗಿದ. "ಮೂಳೆ ಮಾತು ಮಾತ್ರ ನಿಜಾನೇ," ಎಂದು ಹೆಂಡತಿ ತಿವಿದಾಗ, ನಾಳೆಯಿಂದ ಲಿವರ್ ತರುತ್ತೇನೆ ಎಂದು ಎಲ್ಲರ ಮುಂದೆ ಆಣೆ ಮಾಡಿದ.

ಚೊಲಾಬಾಳಿಗೆ ಹೋದ ಜೀವ ಬಂದಂತಾಯಿತು. ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಬೆಳಿಗ್ಗೆಯಿಂದ ಬಾಯಿ ಬಡ್ಕೊಂಡೆ. ಈ ಕಸುಕು ಬಾಯಲ್ಲಿ ಬರೋದೆಲ್ಲ ಬರೀ ಸುಳ್ಳು, ಹೆಸರು ಸುಳ್ಳು, ಮನೆ ಸುಳ್ಳು, ಲಿವರೂ ಸುಳ್ಳು ಅಂತ. ಇನ್ನಾದ್ರೂ ನಂಬ್ತೀರಾ?"

"ನಂಬಿದ್ವಿ ನಾಲೊಂಗೊ, ನಂಬಿದ್ವಿ," ಎಂದ ಚೇರ್ಮನ್. "ಹಚ್ಚಿದ್ದು ಹಚ್ಚಿದೀವಿ, ಪೂರ್ತಿ ನೋಡೇ ಹೋಗೋಣ."

ಅವಳೂ ಕೂತಳು. ತೂಕಡಿಕೆಯಲ್ಲಿ ತಪ್ಪಿಹೋದ ಅರ್ಧ ಇನ್ನೂ ಬಾಕಿ ಇತ್ತಲ್ಲ.

ಪರದೆಯ ಮೇಲೆ ಒಂದು ಲಾರಿ ಬಂದು ನಿಂತಿತು. ದಪ್ಪ ಮೀಸೆಯ ಬಿಳಿಯನೊಬ್ಬ ಇಳಿದು, ಅತ್ತಿತ್ತ ನೋಡಿ, ಒಂದು ಮನೆಯ ನೀಲಿ ಬಾಗಿಲು ತಟ್ಟಿದ.

"ಆಹಾ!" ಎಂದ ಕಸುಕು. "ಇವನು ನಮ್ಮ ಲುಟಾಯಾ! ನಟೇಟೆಯ ಡ್ರೈವರು. ವ್ಯಾನಿನ ಹಿಂದೆ 'ನಿಧಾನವೇ ಪ್ರಧಾನ' ಅಂತ ಬರೆಸಿದಾನೆ, ಎಂಪಿಗಿಯ ನೀಲಿ ಬಾಗಿಲು ಕಂಡ್ರೆ ಮಾತ್ರ ಬ್ರೇಕೇ ಹಿಡಿಯಲ್ಲ! ಶುಕ್ರವಾರ ಬಂತು ಅಂದ್ರೆ ಮುಂದಿನ ಸೀಟಲ್ಲಿರೋ ನನ್ನನ್ನೂ ದಾರೀಲೇ ಇಳಿಸಿಬಿಡ್ತಾನೆ. ಒಳಗೆ ಕಡಲೆಕಾಯಿ ಸಾರು ರೆಡಿ. ಹೊಗೆ ಹಾಕಿದ ಮೀನು ಬಿದ್ದಿದೆ ಅದಕ್ಕೆ, ಆಹಾಹಾ, ವಾಸನೆ ನೋಡಿ!"

ಗೇಟಿನಾಚೆ ನಿಲ್ಲಿಸಿದ್ದ ವ್ಯಾನಿನ ಬೆನ್ನ ಮೇಲೆ ಅದೇ ಅಕ್ಷರಗಳು ಟಿವಿಯ ಬೆಳಕಿಗೆ ಎಲ್ಲರಿಗೂ ಕಾಣುತ್ತಿದ್ದವು. ಲುಟಾಯಾನ ನಗು, ಏರಿನಲ್ಲಿ ಗೇರು ತಪ್ಪಿದ ಎಂಜಿನ್ನಿನ ಹಾಗೆ ಕೆಮ್ಮಿ ನಿಂತುಹೋಯಿತು. ಒಂದೊಂದೇ ತಲೆ ಚೊಲಾಬಾಳತ್ತ ತಿರುಗಿತು.

"ಇದೂ ಸುಳ್ಳೇ ತಾನೇ, ನಾಲೊಂಗೊ?" ಎಂದಳು ಜಾಜಾ ಬಿರುಂಗಿ ಮೆಲ್ಲಗೆ.

ಇದು ಸುಳ್ಳಲ್ಲ ಎಂದರೆ ಕಸುಲೆಯ ಕತೆಯೂ ನಿಜವಾಗಿ ಕಿರಾಬೊ ಅಮ್ಮನ ಗಂಟು ಮತ್ತೆ ಬಾಗಿಲಿಗೆ ಬರುತ್ತದೆ. ಬೆಳಿಗ್ಗೆಯಿಂದ ಆಡಿದ ಮಾತೆಲ್ಲ ತನ್ನ ತಲೆಯ ಮೇಲೇ ಬೀಳುತ್ತದೆ.

"ಸುಳ್ಳೇ ಜಾಜಾ," ಎಂದಳು ಚೊಲಾಬಾ. "ಅವನ ಬಾಯಲ್ಲಿ ನಿಜ ಎಲ್ಲಿಂದ ಬರಬೇಕು!" ಮತ್ತು ಎಲ್ಲರಿಗಿಂತ ಜೋರಾಗಿ ನಕ್ಕಳು. ಅವಳು ನಕ್ಕಮೇಲೆ ಉಳಿದವರೂ ನಕ್ಕರು.

"ನೋಡಿದ್ಯಾ ಆ ಬಡ್ಡಿಮಗನ್ನ," ಎಂದ ಲುಟಾಯಾ ಯಾರನ್ನೂ ನೋಡದೆ. "ಇನ್ನು ವ್ಯಾನ್ ಹತ್ತಿಸಲ್ಲ ಅವನನ್ನ."

ಸಿನಿಮಾ ಮುಗಿದು ಜನ ಎದ್ದರು. ಚಾಪೆ ಸುತ್ತಿಕೊಳ್ಳುತ್ತ ಜಾಜಾ ಕೇಳಿದಳು: "ಅಂತೂ ಹೇಗಿತ್ತಮ್ಮ ಸಿನಿಮಾ? ನಿನಗಾದ್ರೆ ಗೊತ್ತಾಗುತ್ತೆ."

"ಮೊದಲರ್ಧ ಚೆನ್ನಾಗಿತ್ತು ಜಾಜಾ."

ಒಳಗೆ ಬಂದು ಗಂಡನಿಗೆ ಬಡಿಸಿದಳು. ಅವನು ರಸ್ತೆಯ ಗುಂಡಿ, ಪೆಟ್ರೋಲು, ಮೋಡ ಎಂದು ಎಂದೂ ಇಲ್ಲದಷ್ಟು ಮಾತಾಡಿದ. ಅವಳು ಹೂಂಗುಟ್ಟುತ್ತ ಸಾರು ಹಾಕಿದಳು. ಅವನ ತಾಯಿ ಕಡಲೆಕಾಯಿ ಸಾರಿಗೆ ಮೀನು ಸೋಕಿಸಿದವಳಲ್ಲ, ಅವನೂ ಕೇಳಿದವನಲ್ಲ. ಕಳೆದ ಮಳೆಗಾಲದಿಂದ ಈಚೆಗೆ, "ಇದಕ್ಕೊಂದು ಹೊಗೆಮೀನು ಹಾಕು, ಎಷ್ಟು ರುಚಿ ಬರುತ್ತೆ ನೋಡು," ಎನ್ನತೊಡಗಿದ್ದ. ಇಷ್ಟು ವರ್ಷದ ಮೇಲೆ ಗಂಡನಿಗೆ ತನ್ನ ಅಡುಗೆಯ ಮೇಲೆ ಆಸೆ ಹುಟ್ಟಿತು ಎಂದು ಅವಳು ಹಿಗ್ಗಿದ್ದಳು. ಮಾರುಕಟ್ಟೆಯಲ್ಲಿ ಮೂಸಿ ಮೂಸಿ ಒಳ್ಳೆಯ ಮೀನೇ ಆರಿಸುತ್ತಿದ್ದಳು.

ಪ್ರತಿ ಶುಕ್ರವಾರ ಅವಳು ಅವನ ವ್ಯಾನು ಹತ್ತಿ ಮಾರುಕಟ್ಟೆಯ ತಿರುವಿನಲ್ಲಿ ಇಳಿಯುತ್ತಿದ್ದಳು. ಅದರಿಂದಾಚೆಗೆ ಎಂಪಿಗಿಯ ರಸ್ತೆ ಹೇಗಿದೆ ಎಂದು ಮದುವೆಯಾದಾಗಿನಿಂದ ನೋಡಿದವಳಲ್ಲ. ಪಾತ್ರೆ ತೊಳೆಯುತ್ತ ಲೆಕ್ಕ ಹಾಕಿದಳು. ಕೊನೆಯ ಸೀಟು, ಕಿಟಕಿಯ ಪಕ್ಕ, ತಲೆಯ ಮೇಲೆ ವಸ್ತ್ರ ಎಳೆದುಕೊಂಡರೆ ತಿರುವು ಬಂದಾಗ ತನ್ನನ್ನು ಇಳಿಸಬೇಕೆಂದು ಯಾರಿಗೂ ನೆನಪಾಗುವುದಿಲ್ಲ.

ಈ ಶುಕ್ರವಾರ ಇಳಿಯುವುದಿಲ್ಲ.

"ಏನು ಯೋಚನೆ ಮಾಡ್ತಿದೀಯ?" ಎಂದ ಲುಟಾಯಾ ಒಳಗಿನಿಂದ.

"ಏನಿಲ್ಲ," ಎಂದು ಚೊಲಾಬಾ ಪಾತ್ರೆಯನ್ನು ಬೋರಲು ಹಾಕಿದಳು.